ಕೂಡ್ಲಿಗಿಯಿಂದ ಮೈಲಾರಕ್ಕೆ: ಒಂದು ದನಿಯ ಬೆನ್ನು ಹತ್ತಿ

ಕೂಡ್ಲಿಗಿಯ ನಮ್ಮ ಮನೆಯಲ್ಲಿ ಕೆಲವು ತಿಂಗಳುಗಳಿಂದ ಒಬ್ಬ ಯಂತ್ರಪುರುಷನು ವಾಸವಾಗಿರುವನು. ಎರಡು ಗಾಲಿ, ಎರಡು ಮೋಟಾರು, ನಾಲ್ಕು ಪೆನ್ಸಿಲ್ ಸೆಲ್ಲು, ರಟ್ಟಿನ ಮೈ. ಎತ್ತರವು ಒಂದು ಗೇಣು. ಏಳನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗನೇ ಇವನ ಸೃಷ್ಟಿಕರ್ತನು. ನಮ್ಮ ಮನೆಯವರಿಗೆ ಕಿವಿ ಮಂದವಾಗಿದೆ. ರಕ್ತದೊತ್ತಡದ ಗುಳಿಗೆಯ ಹೊತ್ತನ್ನು ಮರೆತು, ಕಾರ್ತಿಕದಲ್ಲಿ ಒಮ್ಮೆ ತಲೆಸುತ್ತಿ ಹಿತ್ತಲಿನಲ್ಲಿ ಬಿದ್ದುಬಿಟ್ಟರು. ಅಂದಿನಿಂದ ಹುಡುಗನಿಗೆ ಒಂದೇ ಹಟ: ಬೊಂಬೆಯು ಸಂಜೆ ತಾನಾಗಿ ಅಡುಗೆಮನೆಗೆ ಹೋಗಿ "ಅಜ್ಜೀ, ಗುಳಿಗೆ ತಗೋ" ಎನ್ನಬೇಕು. ಮಾತನ್ನು ಮುದ್ರಿಸಿಕೊಳ್ಳುವ ಸಣ್ಣ ಫಲಕವೇನೋ ದೊರೆಯಿತು. ಆದರೆ ಅದರ ದನಿಯು ಸೊಳ್ಳೆಯ ದನಿ. ಧ್ವನಿವರ್ಧಕವಿಲ್ಲದೆ ಕಾರ್ಯವಾಗದೆಂದು ನಿಶ್ಚಯವಾಯಿತು.

ಕಳೆದ ಮಾಘದಲ್ಲಿ ಮೈಲಾರದ ಕಾರಣಿಕಕ್ಕೆ ಹೋಗುವ ಸಂಕಲ್ಪವು ನಮಗೆ ಹೇಗೂ ಇದ್ದಿತು. ಬೊಂಬೆಯನ್ನು ಚೀಲದಲ್ಲಿಟ್ಟು, ಹುಡುಗನನ್ನು ಕರೆದುಕೊಂಡು ಬಸ್ಸು ಹತ್ತಿದೆವು. ಕೊಟ್ಟೂರಿನಲ್ಲಿ ಇಳಿದು ಕೊಟ್ಟೂರೇಶ್ವರನ ದರ್ಶನ ಮಾಡಿ, ಆ ಊರಿಗೆ ಬಂದವರು ತಪ್ಪಿಸಲಾರದ ಮಂಡಕ್ಕಿ ಮೆಣಸಿನಕಾಯಿಯನ್ನು ಸೇವಿಸಿ, ಹರಪನಹಳ್ಳಿಯನ್ನು ಸೇರಿದೆವು. ಈ ಊರು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಯದಾಯಿತು. ಕುಳಿತಲ್ಲಿಯೇ ಇಷ್ಟು ಪ್ರಯಾಣ ಮಾಡಿದ ಊರು ಬೇರೆ ಯಾವುದಿದ್ದೀತು!

ಅಲ್ಲಿ ಟೀವಿ, ರೇಡಿಯೋ ದುರಸ್ತಿ ಮಾಡುವ ಒಬ್ಬರು ನಮ್ಮ ಹಳೆಯ ವಿದ್ಯಾರ್ಥಿ. ಅವರು ಎಲ್‌ಎಂ ೩೮೬ ಎಂಬ, ಎಂಟು ಕಾಲುಗಳ ಜೇಡದಂತಹ ಕರಿಯ ಐಸಿಯೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಮೂರನೆಯ ಕಾಲಿಗೆ ಮಾತು ಬರುವುದು, ಆರನೆಯದಕ್ಕೆ ಬ್ಯಾಟರಿ, ಎರಡು ಮತ್ತು ನಾಲ್ಕು ನೆಲದ ತಂತಿಗೆ, ಐದನೆಯದರಿಂದ ಹೊರಟ ದನಿಯು ೨೨೦ ಮೈಕ್ರೋಫ್ಯಾರಡ್ ಕೆಪಾಸಿಟರನ್ನು ದಾಟಿ ೮ ಓಮಿನ ಸ್ಪೀಕರನ್ನು ಸೇರುವುದು. ಪಠ್ಯಪುಸ್ತಕದವರು ಇದನ್ನು ಧಾರಕವೆನ್ನುವರು. ನಮಗೂ ಆ ಶಬ್ದವೇ ಪ್ರಿಯ, ಆದರೆ ಅಂಗಡಿಯಲ್ಲಿ ಧಾರಕವನ್ನು ಕೇಳಿದರೆ ಯಾರೂ ಕೊಡರು. ಈ ಐಸಿಯು ತನಗೆ ಬಂದ ಸಂಕೇತವನ್ನು ೨೦ ಪಟ್ಟು ಹಿಗ್ಗಿಸುವುದು. ಒಂದನೆಯ ಮತ್ತು ಎಂಟನೆಯ ಕಾಲುಗಳ ನಡುವೆ ೧೦ ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಬೆಸೆದರೆ ೨೦೦ ಪಟ್ಟು. "ಇಪ್ಪತ್ತು ಸಾಕು, ಮೇಷ್ಟ್ರೇ" ಎಂದು ಅವರೆಂದರು. ಕಿವಿ ಮಂದವಾದವರಿಗಾಗಿ ಎಂದು ನಾವೇ ಹಟಹಿಡಿದು ಇನ್ನೂರು ಪಟ್ಟಿನದನ್ನು ಮಾಡಿಸಿದೆವು. ಹುಡುಗನು ತನ್ನ ಕೈಯಾರೆ ಬೆಸುಗೆ ಹಾಕಿದನು.

ರಾತ್ರಿ ಹಗರಿಬೊಮ್ಮನಹಳ್ಳಿಯಲ್ಲಿ ಮಗಳ ಮನೆ. ಬಂಧುಗಳೆಲ್ಲ ನೆರೆದಿರಲು ಬೊಂಬೆಯು ಹೊರಟಿತು. ಗಾಲಿ ಉರುಳಿದೊಡನೆ ಅದರ ಎದೆಯಿಂದ ಗರಗಸದಂತಹ ಶಬ್ದ ಹೊರಟು, ಮಾತೆಲ್ಲ ಅದರಲ್ಲಿ ಮುಳುಗಿಹೋಯಿತು. ಯಾರೋ ನಕ್ಕರು. ಹುಡುಗನು ಊಟ ಮಾಡದೆ ಮಲಗಿದನು. ಮೋಟಾರು ಸೆಲ್ಲುಗಳನ್ನು ಜಗ್ಗಿದಾಗ ವೋಲ್ಟೇಜು ಕುಸಿಯುವುದು, ಅದರ ಒಳಗಿನ ಬ್ರಷ್ಷುಗಳಲ್ಲಿ ಕಿಡಿಯಾಡುವುದು. ಆ ಗದ್ದಲವನ್ನೂ ಐಸಿಯು ಮಾತಿನೊಡನೆಯೇ ಹಿಗ್ಗಿಸುವುದೆಂದು ಅಂಗಡಿಯವರು ಫೋನಿನಲ್ಲಿ ತಿಳಿಸಿದರು. ಮಾತು ಯಾವುದು, ಗದ್ದಲ ಯಾವುದು ಎಂಬ ವಿವೇಕ ಅದಕ್ಕೆಲ್ಲಿಯದು?

ಬೆಳಗಾಗುತ್ತಲೇ ಹುಡುಗನ ಮನಸ್ಸು ತಿಳಿಯಾಗಲೆಂದು ಅಂಕಸಮುದ್ರದ ಕೆರೆಗೆ ಕರೆದೊಯ್ದೆವು. ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಪಕ್ಷಿಧಾಮದಲ್ಲಿ ನೀರಿನೊಳಗಿನ ಜಾಲಿಮರಗಳ ಮೇಲೆ ಕೊಕ್ಕರೆಗಳ ಸಂಸಾರ. ಅವನು ಒಂದು ಮಾತನ್ನೂ ಆಡಲಿಲ್ಲ. ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಗಾಗಿ ಒಂದು ಮಾರು ಮಲ್ಲಿಗೆ ಕೊಂಡಾಗ ಮಾತ್ರ, "ಅಷ್ಟರೊಳಗ ಬಾಡಿಬಿಡ್ತಾವ, ಅಜ್ಜ" ಎಂದನು.

ಮೈಲಾರದ ಡೆಂಕಣಮರಡಿಯಲ್ಲಿ ಜನಸಮುದ್ರ. ಡಮರುಗ, ಭಂಡಾರ, ಕಂಬಳಿ ಹೊದ್ದ ಗೊರವರ ಸಾಲು, "ಏಳು ಕೋಟಿ" ಎಂಬ ಘೋಷ. ಪಕ್ಕದಲ್ಲಿದ್ದವನ ಮಾತೂ ಕೇಳದು. ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ, ಆಕಾಶವನ್ನು ದಿಟ್ಟಿಸಿ, "ಸದ್ದಲೇ" ಎಂದನು. ಕ್ಷಣಮಾತ್ರದಲ್ಲಿ ಆ ಸಮುದ್ರವು ನಿಶ್ಶಬ್ದವಾಯಿತು. ದೂರದಲ್ಲಿ ಒಂದು ಕೂಸು ಅತ್ತದ್ದೂ ಕೇಳಿಸಿತು. ಬಳಿಕ ಒಂದೇ ವಾಕ್ಯ, "ಪರಾಕ್" ಎಂಬ ಕೂಗು. ಗೊರವಯ್ಯನು ಮೇಲಿನಿಂದ ಬಿದ್ದನು, ಕೆಳಗಿನವರು ಹಿಡಿದರು. ಸುತ್ತಲಿನವರು ಅದರ ಅರ್ಥವನ್ನು ಮಳೆಗೂ ಬೆಳೆಗೂ ರಾಜಕೀಯಕ್ಕೂ ಹೊಂದಿಸಿ ವಾದಿಸತೊಡಗಿದರು. ನಮ್ಮ ಹುಡುಗನು ನಮ್ಮ ತೋಳನ್ನು ಹಿಡಿದೆಳೆದು, "ಅಜ್ಜ, ಮೊದ್ಲು ಗಾಲಿ ನಿಲ್ಲಿಸ್ಬೇಕು! ಆಮ್ಯಾಲೆ ಮಾತಾಡ್ಸ್ಬೇಕು!" ಎಂದು ಕೂಗಿದನು.

ಮನೆಗೆ ಬಂದವನೇ, ನಾವು ಹಟದಿಂದ ಹಾಕಿಸಿದ್ದ ಆ ೧೦ ಮೈಕ್ರೋಫ್ಯಾರಡನ್ನು ಕಿತ್ತು ೨೦ ಪಟ್ಟಿಗೆ ಇಳಿಸಿದನು. ನಮಗೆ ಸ್ವಲ್ಪ ಅವಮಾನವಾದುದು ನಿಜ. ಮೋಟಾರುಗಳ ಎರಡೆರಡು ತುದಿಗಳಿಗೆ ೦.೧ ಮೈಕ್ರೋಫ್ಯಾರಡಿನ ಸಣ್ಣ ಕೆಪಾಸಿಟರುಗಳನ್ನು ಬೆಸೆದು, ಧ್ವನಿವರ್ಧಕಕ್ಕೆ ಬೇರೆಯೇ ನಾಲ್ಕು ಸೆಲ್ಲುಗಳನ್ನು ಕೊಟ್ಟನು. ಗಾಲಿಯು ನಿಂತು ಎರಡು ಕ್ಷಣವಾದ ಮೇಲೆಯೇ ಮಾತು ಹೊರಡುವಂತೆ ಮಾಡಿದನು.

ಸಂಜೆ ಬೊಂಬೆಯು ಅಡುಗೆಮನೆಯ ಹೊಸ್ತಿಲಿನವರೆಗೆ ಉರುಳಿ ನಿಂತಿತು. ನಾವಿಬ್ಬರೂ ಕದದ ಹಿಂದೆ ಉಸಿರು ಬಿಗಿಹಿಡಿದೆವು.

"ಅಜ್ಜೀ, ಗುಳಿಗೆ ತಗೋ."

ಒಲೆಯ ಮುಂದಿದ್ದ ನಮ್ಮ ಮನೆಯವರು ತಿರುಗಿಯೂ ನೋಡದೆ, "ತಗೊಂತೀನಪ್ಪಾ, ಅಷ್ಟ್ಯಾಕ ಒದರ್ತೀ!" ಎಂದರು.