ಎದುರುಮನೆಯ ಜಲ್ಲಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಗಾದೆ ಕಟ್ಟಿದವರು ಅರ್ಧ ಮಾತನ್ನು ಮಾತ್ರ ಹೇಳಿದರು. ಮದುವೆಯಾದರೂ ಎರಡು ದಿನದಲ್ಲಿ ಮುಗಿಯುತ್ತದೆ. ಎದುರುಮನೆಯವರಿಗೆ ಒಂದು ಹೊತ್ತಿನ ಊಟವೂ ದೊರೆಯುತ್ತದೆ. ಮನೆಯ ವಿಷಯ ಹಾಗಲ್ಲ. ಕಟ್ಟುವವನು ನೋಡುವುದು ಒಂದು ಬಗೆ. ಅವನ ಎದುರುಮನೆಯ ಜಗಲಿಯಲ್ಲಿ ಕುಳಿತು ನೋಡುವುದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ನನಗೆ ಪೂರ್ತಿ ಹದಿನಾಲ್ಕು ತಿಂಗಳ ಅನುಭವವಾಗಿದೆ.

ಮೈಸೂರಿನ ಸರಸ್ವತೀಪುರದ ಒಂದು ಅಡ್ಡರಸ್ತೆಯಲ್ಲಿ ನನ್ನ ಮನೆ. ರಸ್ತೆ ದೊಡ್ಡದಲ್ಲ, ಎರಡು ಕಾರುಗಳು ಎದುರಾದರೆ ಒಬ್ಬರಾದರೂ ಸೌಜನ್ಯ ತೋರಲೇಬೇಕು. ಎರಡು ಕಡೆಯೂ ಹೊಂಗೆ ಮರ, ಮರದ ಬುಡದಲ್ಲೇ ಕಲ್ಲು ಕಟ್ಟಿದ ಚರಂಡಿ. ಎದುರಿಗೆ ಒಂದು ಹಳೆಯ ಹೆಂಚಿನ ಮನೆಯಿತ್ತು. ಅದನ್ನು ಕೊಂಡವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ರಾಯರು. ಸಜ್ಜನರು, ಮಿತಭಾಷಿಗಳು, ಬೆಳಗಿನ ಜಾವಕ್ಕೆ ಎದ್ದು ವಿಷ್ಣುಸಹಸ್ರನಾಮ ಹೇಳುವವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನದನ್ನು ಓದಿ ಅವರು ಯಾರೋ ಪುಂಡರಿರಬೇಕೆಂದು ತಾವು ತಿಳಿದೀರಿ. ಬೀದಿಯನ್ನು ಕೆಡಿಸುವವರಲ್ಲಿ ಪುಂಡರು ಕಡಿಮೆ, ಸಜ್ಜನರೇ ಹೆಚ್ಚು. ಅವರ ಸಜ್ಜನಿಕೆಗೆ ಒಂದು ಕಾಂಪೌಂಡು ಇರುತ್ತದೆ, ಅಷ್ಟೆ. ಗೇಟಿನ ಒಳಗೆ ಒಂದು ಒಣ ಎಲೆ ಬಿದ್ದರೂ ಎತ್ತಿಹಾಕುತ್ತಾರೆ. ಗೇಟಿನ ಹೊರಗೆ ಒಂದು ಲಾರಿ ಮಣ್ಣು ಬಿದ್ದರೂ ಅವರ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಹೆಂಚು ಇಳಿಯಿತು. ಹೆಂಚಿಗೆ ಬೆಲೆಯಿದೆ, ತೊಲೆಗೆ ಬೆಲೆಯಿದೆ, ಹಳೆಯ ತೇಗದ ಬಾಗಿಲ ಚೌಕಟ್ಟಿಗಂತೂ ಹೇಳುವುದೇ ಬೇಡ. ಅವೆಲ್ಲ ಒಂದೇ ವಾರದಲ್ಲಿ ಮಾಯವಾದವು. ಬೆಲೆಯಿಲ್ಲದ್ದು ಗೋಡೆಯ ಮಣ್ಣು, ಗಾರೆಯ ಹೆಂಟೆ, ಒಡೆದ ಇಟ್ಟಿಗೆ. ಅದು ಬೀದಿಗೆ ಬಂತು. ಒಂದು ರಾತ್ರಿ ಟ್ರ್ಯಾಕ್ಟರೊಂದು ಬಂದು ಅದರಲ್ಲಿ ಮುಕ್ಕಾಲು ಪಾಲನ್ನು ಹೊತ್ತುಕೊಂಡು ಹೋಯಿತು. 'ಎಲ್ಲಿಗಪ್ಪಾ?' ಎಂದು ಕೇಳಿದೆ. 'ರಿಂಗ್ ರೋಡ್ ಕಡೆ ಸಾರ್' ಎಂದ ಡ್ರೈವರು. ಈ 'ಕಡೆ' ಎಂಬ ಶಬ್ದ ನಮ್ಮ ಭಾಷೆಯಲ್ಲಿ ಬಹಳ ವಿಶಾಲವಾದದ್ದು. ಅದರೊಳಗೆ ಹಳ್ಳ, ಕೆರೆಯಂಗಳ, ಯಾರದೋ ಹೊಲದ ಬದು, ಎಲ್ಲವೂ ಹಿಡಿಯುತ್ತವೆ. ಉಳಿದ ಕಾಲು ಪಾಲು ಹೊಂಗೆಯ ಬುಡವನ್ನು ಅಪ್ಪಿಕೊಂಡು ಅಲ್ಲೇ ಕುಳಿತಿತು.

ಆಮೇಲೆ ಬೋರ್‌ವೆಲ್ ಲಾರಿ. ಒಂದು ರಾತ್ರಿ, ಒಂದು ಹಗಲು ಅದು ಕೊರೆಯಿತು. ಬಂಡೆಯ ಹಿಟ್ಟು ನೀರಿನೊಡನೆ ಕಲಸಿ ಹೊರಬಿದ್ದು, ಬೀದಿಯ ತುಂಬ ರಾಗಿ ಅಂಬಲಿ ಚೆಲ್ಲಿದ ಹಾಗಾಯಿತು. ಹಸಿಯಾಗಿದ್ದಾಗ ಜಾರಿಕೆ, ಒಣಗಿದ ಮೇಲೆ ಧೂಳು. ಸ್ಕೂಟರು ಒಂದು ಹಾದುಹೋದರೆ ಬೂದಿ ಮೋಡವೊಂದು ಎದ್ದು ನಮ್ಮ ಅಡಿಗೆಮನೆಯ ಕಿಟಕಿಯವರೆಗೆ ಬರುತ್ತಿತ್ತು. ಚರಂಡಿಗೆ ಇಳಿದ ಭಾಗ ಅಲ್ಲೇ ತಳ ಹಿಡಿದು ಗಟ್ಟಿಯಾಯಿತು. ಮೈಸೂರಿನಲ್ಲಿ ಮೇ ತಿಂಗಳ ಮಳೆ ಸಂಜೆಯ ಹೊತ್ತು ಬಂದು ಒಂದು ಗಂಟೆ ಜೋರಾಗಿ ಹೊಡೆದು ಹೋಗುವಂಥದ್ದು. ಆ ನೀರಿಗೆ ಚರಂಡಿ ಬೇಕು. ಚರಂಡಿ ಸಿಗದಿದ್ದಾಗ ಅದು ರಸ್ತೆಯನ್ನೇ ಚರಂಡಿ ಮಾಡಿಕೊಳ್ಳುತ್ತದೆ. ಡಾಂಬರಿಗೂ ನೀರಿಗೂ ಹುಟ್ಟಿನಿಂದ ಆಗದು. ನಿಂತ ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಗ್ಗಿ ಅವುಗಳ ಅಂಟನ್ನು ಬಿಡಿಸುತ್ತದೆ. ಆಮೇಲೆ ಚಕ್ರಗಳು ಒಂದೊಂದೇ ಕಲ್ಲನ್ನು ಕಿತ್ತು ಹೊರಗೆ ಹಾಕುತ್ತವೆ. ಗುಂಡಿ ಹುಟ್ಟುವುದು ಹೀಗೆ.

ಮರಳಿನ ರಾಶಿಯ ಮೇಲೆ ಮಾತ್ರ ನನಗೆ ಅಷ್ಟು ಸಿಟ್ಟಿಲ್ಲ. ನಮ್ಮ ಕಾಲದ ಹುಡುಗರಿಗೆ ಬೀದಿಯಲ್ಲಿ ಮರಳು ಬಿತ್ತೆಂದರೆ ಸಮುದ್ರತೀರವೇ ಮನೆಗೆ ಬಂದ ಹಾಗೆ. ಹೊಳೆಯ ಮರಳು, ಕೈಹಾಕಿದರೆ ಒಳಗೆ ತಣ್ಣಗೆ, ತೋಡಿದರೆ ಕಪ್ಪೆಚಿಪ್ಪು. ಈಗ ಬರುವುದು ಎಂ-ಸ್ಯಾಂಡು, ಕ್ರಷರಿನಲ್ಲಿ ಬಂಡೆಯನ್ನು ಪುಡಿಮಾಡಿ ತಂದದ್ದು. ಹೊಳೆಗಳ ಹೊಟ್ಟೆ ಬಗೆಯುವುದಕ್ಕಿಂತ ಇದು ಎಷ್ಟೋ ಮೇಲು, ಒಪ್ಪುತ್ತೇನೆ. ಆದರೆ ಅದರಲ್ಲಿ ಚಿಪ್ಪು ಸಿಗುವುದಿಲ್ಲ. ಎದುರಿನ ರಾಶಿಯ ಮೇಲೆ ಆಡಿದ್ದು ಗಾರೆ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದಿದ್ದವರ ಇಬ್ಬರು ಮಕ್ಕಳು ಮಾತ್ರ. ಬೀದಿಯ ಉಳಿದ ಮಕ್ಕಳು ಬಾಲ್ಕನಿಯಿಂದ ನೋಡುತ್ತಿದ್ದರು.

ಜಲ್ಲಿಯ ಮಾತು ಬೇರೆ. ಜಲ್ಲಿ ರಾಶಿಯಾಗಿ ಉಳಿಯುವ ಜಾತಿಯಲ್ಲ. ಸುರಿದ ದಿನ ಚರಂಡಿಯ ಪಕ್ಕಕ್ಕಿರುತ್ತದೆ. ಮೂರನೆಯ ದಿನ ರಸ್ತೆಯ ಮಧ್ಯಕ್ಕೆ, ವಾರದಲ್ಲಿ ನಮ್ಮ ಗೇಟಿಗೆ. ಗಟ್ಟಿ ಡಾಂಬರಿನ ಮೇಲೆ ಬಿದ್ದ ಒಂದೊಂದು ಚೂರೂ ಕಾಲ ಕೆಳಗಿನ ಗುಂಡಿನಂತೆ ಉರುಳುತ್ತದೆ.

ನಮ್ಮ ಸಾಲಿನ ಮೂರನೆಯ ಮನೆಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಎಪ್ಪತ್ತೆಂಟು ವರ್ಷ. ಗಣಿತ ಹೇಳಿಕೊಟ್ಟವರು. ಮೂವತ್ತು ವರ್ಷದಿಂದ ದಿನವೂ ಬೆಳಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದರು. ಅವರ ಚಪ್ಪಲಿಯ ಸದ್ದು ಕೇಳಿ ನಮ್ಮ ಮನೆಯಲ್ಲಿ ಹಾಲು ಕಾಯಿಸಲು ಇಡುತ್ತಿದ್ದರು. ಕಾರ್ತಿಕದ ಒಂದು ಬೆಳಗ್ಗೆ, ಇನ್ನೂ ನಸುಕು, ಆ ಸದ್ದು ನಮ್ಮ ಗೇಟಿನ ಬಳಿ ನಿಂತಿತು. ಹೊರಗೆ ಬಂದು ನೋಡಿದರೆ ಮೇಷ್ಟ್ರು ಜಲ್ಲಿಯ ಮೇಲೆ ಕುಳಿತಿದ್ದಾರೆ. ಏಳಲು ಆಗುತ್ತಿಲ್ಲ. 'ಏನೂ ಇಲ್ಲ ಕಣಯ್ಯಾ, ಸ್ವಲ್ಪ ಕೈ ಕೊಡು' ಎಂದರು. ಕೈ ಕೊಟ್ಟರೆ ಆಗುವಂಥದ್ದಾಗಿರಲಿಲ್ಲ. ಸೊಂಟದ ಮೂಳೆ ಮುರಿದಿತ್ತು.

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ನೋಡಲು ಹೋದೆ. ವಾಕರ್ ಹಿಡಿದು ನಡುಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ನಡುಮನೆಗೆ. ಈಗ ಅಷ್ಟೇ ಅವರ ಸುತ್ತು. 'ಕೆರೆಯಲ್ಲಿ ಈ ವರ್ಷ ಹೆಜ್ಜಾರ್ಲೆ ಎಷ್ಟು ಬಂದಿವೆ?' ಎಂದು ಕೇಳಿದರು. ನಾನು ಜಲ್ಲಿಯ ವಿಷಯ ಎತ್ತಿದೆ. 'ಬಿಡಯ್ಯಾ, ಜಲ್ಲಿಗೇನು ಗೊತ್ತು, ಇವನು ಮೇಷ್ಟ್ರು, ಇವನು ಹುಡುಗ ಅಂತ?' ಎಂದು ನಕ್ಕರು. ಅವರ ಹೆಂಡತಿ ನಗಲಿಲ್ಲ.

ಆ ಸಂಜೆಯೇ ರಾಯರಲ್ಲಿಗೆ ಹೋದೆ. ಅವರಿಗೆ ಸುದ್ದಿ ಗೊತ್ತಿತ್ತು, ಮುಖ ಸಣ್ಣದಾಗಿತ್ತು. ಆದರೂ ಮಾತು ಬಂದಾಗ, 'ನೀವೇ ಹೇಳಿ ಸಾರ್, ಇರೋದು ಮೂವತ್ತು-ನಲವತ್ತರ ಸೈಟು. ಪಾಯ ತೋಡಿದ ಮೇಲೆ ಒಳಗೆ ನಿಲ್ಲೋಕೇ ಜಾಗ ಇಲ್ಲ. ಜಲ್ಲೀನ ತಲೆ ಮೇಲೆ ಹೊತ್ತುಕೊಳ್ಳಲೆ?' ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಣ್ಣ ನಿವೇಶನದಲ್ಲಿ ಕಟ್ಟುವವನಿಗೆ ಬೀದಿಯ ಒಂದು ಮೂಲೆ ಸ್ವಲ್ಪ ಕಾಲ ಬೇಕೇಬೇಕು. ಎಷ್ಟು ಮೂಲೆ, ಎಷ್ಟು ಕಾಲ, ಹೇಗೆ ಎಂಬುದಷ್ಟೇ ನಮ್ಮ ಜಗಳ.

ಈ ಜಗಳ ಹೊಸದೂ ಅಲ್ಲ. ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. 1905ರಲ್ಲಿ, ಅದು ಇನ್ನೂ ಓರಿಯೆಂಟಲ್ ಲೈಬ್ರರಿಯಾಗಿದ್ದಾಗ, ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಯೋಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ನಾವೆಲ್ಲ ಅದನ್ನು ರಾಜನೀತಿಯ, ಗೂಢಚಾರರ ಗ್ರಂಥವೆಂದು ತಿಳಿದಿದ್ದೇವೆ. ಅದರ ಎರಡನೆಯ ಅಧಿಕರಣದಲ್ಲಿ ಊರನ್ನು ನೋಡಿಕೊಳ್ಳುವ ನಾಗರಿಕನೆಂಬ ಅಧಿಕಾರಿಯ ಕೆಲಸಗಳನ್ನು ಹೇಳುವ ಅಧ್ಯಾಯವಿದೆ. ಬೀದಿಯಲ್ಲಿ ಧೂಳುಮಣ್ಣು ಹಾಕಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ, ಕೆಸರು ಮತ್ತು ನೀರಿನಿಂದ ಬೀದಿ ಕಟ್ಟಿದರೆ ಕಾಲು ಪಣ, ರಾಜಮಾರ್ಗದಲ್ಲಾದರೆ ಎರಡರಷ್ಟು. ಆ ಮನುಷ್ಯ ಸಾಮ್ರಾಜ್ಯದ ಲೆಕ್ಕ ಹಾಕುವ ನಡುವೆ ಚರಂಡಿಯ ಲೆಕ್ಕವನ್ನೂ ಹಾಕಿದ್ದ. ಮಣ್ಣಿಗಿಂತ ಕೆಸರಿಗೆ ದಂಡ ಹೆಚ್ಚು ಎಂಬಲ್ಲಿ, ನೀರು ನಿಂತ ಬೀದಿಯಲ್ಲಿ ಅವನೂ ಒಮ್ಮೆ ನಡೆದಿರಬೇಕೆಂದು ನನ್ನ ಊಹೆ.

ನಮ್ಮ ಕಾಲದ ಕಾನೂನೂ ಮೂಕವಾಗಿಲ್ಲ. 2016ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಕಟ್ಟಡದ ಕಸಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಕಟ್ಟುವವನು, ಕೆಡವುವವನು ತನ್ನ ಕಸವನ್ನು ತನ್ನ ಆವರಣದೊಳಗೇ ಇಟ್ಟುಕೊಳ್ಳಬೇಕು, ಇಲ್ಲವೆ ಗೊತ್ತುಪಡಿಸಿದ ಜಾಗಕ್ಕೆ ಮುಟ್ಟಿಸಬೇಕು. ಅದು ಓಡಾಟಕ್ಕಾಗಲಿ ಚರಂಡಿಗಾಗಲಿ ಅಡ್ಡಿಯಾಗಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. 2025ರಲ್ಲಿ ಹೊಸ ನಿಯಮಗಳು ಪ್ರಕಟವಾದವು, 2026ರ ಏಪ್ರಿಲ್ 1ರಿಂದ ಜಾರಿ ಎಂಬ ನಿಗದಿಯೊಡನೆ. ಕಸವನ್ನು ಮರುಬಳಕೆ ಮಾಡಿಸುವ ಅದರ ಮುಖ್ಯ ಹೊಣೆ ಇಪ್ಪತ್ತು ಸಾವಿರ ಚದರ ಮೀಟರು ಮತ್ತು ಅದಕ್ಕೂ ಮೇಲಿನ ಕಟ್ಟಡಗಳಿಗೆ. ರಾಯರ ನಿವೇಶನ ಸುಮಾರು ನೂರಹನ್ನೊಂದು ಚದರ ಮೀಟರು. ದೊಡ್ಡ ಬಲೆ ದೊಡ್ಡ ಮೀನಿಗೆ, ಸರಿಯೇ. ಆದರೆ ಊರಿನ ಬೀದಿಗಳನ್ನು ತಿಂದುಹಾಕುತ್ತಿರುವುದು ನಮ್ಮಂಥ ಸಣ್ಣ ಮೀನುಗಳು ಕೂಡ.

ಇನ್ನು ಭಾರದ ಮಾತು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಬೇಕೆಂದೇ ರಸ್ತೆಗಳನ್ನು ಮಾಡಿ, ಅವುಗಳ ಮೇಲೆ ಎರಡು ವರ್ಷ ಲಾರಿಗಳನ್ನು ಓಡಿಸಿ ನೋಡಿದರು. ಒಂದು ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಪೆಟ್ಟು ಇಮ್ಮಡಿಯಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು ಎಂದು ತಿಳಿಯಿತು. ಮೇಷ್ಟ್ರಿಗೆ ಇದನ್ನು ಹೇಳಿದೆ. 'ನಾಲ್ಕನೆಯ ಘಾತ! ಹಾಗಾದರೆ ಮುಮ್ಮಡಿಗೆ ಎಂಬತ್ತೊಂದು' ಎಂದು ಅವರ ಕಣ್ಣು ಅರಳಿತು. ಒಂದು ಘನ ಮೀಟರು ಕಾಂಕ್ರೀಟು ಸುಮಾರು 2400 ಕಿಲೋ ತೂಗುತ್ತದೆ. ಆರು ಘನ ಮೀಟರು ಹೊತ್ತ ತಿರುಗುವ ಪೀಪಾಯಿಯ ಲಾರಿ, ತನ್ನ ಮೈಭಾರ ಬಿಟ್ಟು, ಹದಿನಾಲ್ಕು ಟನ್ನಿಗೂ ಮಿಕ್ಕ ಸರಕನ್ನು ನಮ್ಮ ಅಡ್ಡರಸ್ತೆಗೆ ತರುತ್ತದೆ. ಸೈಕಲ್ಲು, ಸ್ಕೂಟರು, ತರಕಾರಿ ಗಾಡಿಯನ್ನು ನೆನೆದು ಮಾಡಿದ ರಸ್ತೆ ಅದು. ತಾರಸಿಗೆ ಕಾಂಕ್ರೀಟು ಹಾಕಿದ ದಿನ ಅಂಥ ಲಾರಿಗಳು ಸರತಿಯಲ್ಲಿ ಬಂದವು. ಕೊನೆಯದು ಹೋಗುವ ಮುನ್ನ ತನ್ನ ಜಾರುದೋಣಿಯನ್ನು ನಮ್ಮ ಚರಂಡಿಯ ಮೇಲೆ ತೊಳೆಯಲು ನಿಂತಿತು.

ಅಷ್ಟರಲ್ಲಿ ಮೇಸ್ತ್ರಿ ಓಡಿಬಂದು ತಡೆದ. ಇದು ಹೇಗಾಯಿತೆಂದು ಹೇಳಬೇಕು. ಮೇಷ್ಟ್ರು ಬಿದ್ದ ಮೇಲೆ ರಾಯರು ಮತ್ತು ನಾನು ಆ ಮೇಸ್ತ್ರಿಯ ಜೊತೆ ಕುಳಿತು ಮಾತಾಡಿದ್ದೆವು. ನಂಜನಗೂಡಿನ ಕಡೆಯವನು, ಕೆಲಸ ಬಲ್ಲವನು. ಬೀದಿಯನ್ನು ಹೀಗೆ ಮಾಡಬಹುದೆ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಒಂದೇ: 'ಓನರು ಯಾರೂ ಹೇಳೋದಿಲ್ಲ ಸಾರ್. ಹೇಳಿದ್ರೆ ಮಾಡ್ತೀವಿ.' ಆಮೇಲೆ ಅವನೇ ಎಲ್ಲವನ್ನೂ ಹೇಳಿದ. ಮೂರು ಲೋಡು ಒಟ್ಟಿಗೆ ತರಿಸದೆ ಒಂದೊಂದಾಗಿ ತರಿಸುವುದು. ಸಾಗಣೆ ಸ್ವಲ್ಪ ತುಟ್ಟಿ. ರಾಶಿಯ ಸುತ್ತ ಮೂರು ವರಸೆ ಇಟ್ಟಿಗೆಯನ್ನು ಗಾರೆಯಿಲ್ಲದೆ ಜೋಡಿಸುವುದು, ಮೇಲೆ ಟಾರ್ಪಾಲು. ಆ ಇಟ್ಟಿಗೆ ಕೊನೆಗೆ ಗೋಡೆಗೇ ಆಗುತ್ತದೆ. ಚರಂಡಿಯ ಮೇಲೆ ಚಪ್ಪಡಿ. ಸಿಮೆಂಟು ಕಲಸುವಾಗ ರಸ್ತೆಯ ಮೇಲೆ ತಗಡು ಹಾಸುವುದು, ಇಲ್ಲವಾದರೆ ಡಾಂಬರಿಗೆ ಅಂಟಿದ ಗಟ್ಟಿಯನ್ನು ಕೀಳಲು ಹೋದರೆ ಡಾಂಬರೂ ಕಿತ್ತು ಬರುತ್ತದೆ. ಸಂಜೆ ಕೆಲಸ ಬಿಡುವ ಮುಂಚೆ ಒಂದು ಆಳು ಅರ್ಧ ಗಂಟೆ ಗುಡಿಸುವುದು. ರಾಯರು ಬ್ಯಾಂಕಿನವರಲ್ಲವೆ, ಕಾಗದ ತೆಗೆದು ಲೆಕ್ಕ ಹಾಕಿದರು. ಬಾಗಿಲಿಗೆ ಕೊಳ್ಳಬೇಕೆಂದಿದ್ದ ಹಿತ್ತಾಳೆಯ ಹಿಡಿಗಳ ಖರ್ಚಿಗಿಂತ ಅದು ಕಡಿಮೆಯಾಯಿತು. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ತಗಡು ಬಂತು. ಜಲ್ಲಿ ಅಂದಿನಿಂದ ನಮ್ಮ ಗೇಟಿಗೆ ಬರಲಿಲ್ಲ.

ಕೊನೆಯಲ್ಲಿ ನಲ್ಲಿಯ ಸಂಪರ್ಕಕ್ಕೆ ರಸ್ತೆ ಅಗೆದದ್ದು ಮಾತ್ರ ಹಳೆಯ ಪದ್ಧತಿಯಂತೆಯೇ ನಡೆಯಿತು. ಅಗೆದ ಮಣ್ಣನ್ನು ಸಡಿಲವಾಗಿ ತುಂಬಿ, ಮೇಲೆ ಎರಡು ಏಟು ಹಾಕಿ ಹೋದರು. ಪದರ ಪದರವಾಗಿ ಹಾಕಿ ದಿಮ್ಮಸು ಹೊಡೆಯಬೇಕಾದ ಕೆಲಸ. ಮೊದಲ ಮಳೆಗೆ ಅದು ಗೇಣುದ್ದ ಕುಸಿಯಿತು. ಆ ಕಾಲುವೆ ರಸ್ತೆಯ ಅಡ್ಡಲಾಗಿ ಈಗಲೂ ಇದೆ. ರಾತ್ರಿ ಅದರ ಮೇಲೆ ಹಾಯುವ ಆಟೋಗಳ ಸದ್ದು ನನ್ನ ಹಾಸಿಗೆಯವರೆಗೆ ಬರುತ್ತದೆ.

ಗೃಹಪ್ರವೇಶಕ್ಕೆ ಮೇಷ್ಟ್ರೂ ಬಂದಿದ್ದರು. ರಾಯರೂ ಅವರ ಮಗನೂ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ಮೂರನೆಯ ಮನೆಯಿಂದ ಇಲ್ಲಿಗೆ ನಡೆದರೆ ಅರವತ್ತು ಹೆಜ್ಜೆ.

ನಮ್ಮ ಪಕ್ಕದ ಖಾಲಿ ನಿವೇಶನಕ್ಕೆ ಮೊನ್ನೆ ಸುಣ್ಣದ ಗೆರೆ ಬಿದ್ದಿದೆ. ಕೊಂಡವರು ಬೆಂಗಳೂರಿನಲ್ಲಿರುವವರಂತೆ, ಮುಖ ಕಂಡಿಲ್ಲ. ಕೆಲಸ ಹಿಡಿದಿರುವುದು ಅದೇ ಮೇಸ್ತ್ರಿ. ನಾಳೆ ಬೆಳಗ್ಗೆ ಬರುತ್ತಾನಂತೆ. ತಗಡನ್ನು ರಾಯರ ಮನೆಯ ಹಿಂದೆಯೇ ಒರಗಿಸಿ ಇಟ್ಟಿದ್ದಾರೆ.