ಬೆಳ್ಳಿಯ ಎರಡನೆಯ ಖಾತೆ

ಬದಿಯಡ್ಕದ ಕಡೆ ನಮ್ಮ ಹಳೆಯ ಮನೆಯಲ್ಲಿ ಬೆಕ್ಕಿನ ಊಟವೆಂದರೆ ಹಾಲು ಅನ್ನ. ಅಜ್ಜಿ ಗೆರಟೆಯೊಂದರಲ್ಲಿ ಹಿಡಿ ಅನ್ನ ಹಾಕಿ, ಮೇಲೊಂದು ಸೌಟು ಹಾಲು ಹೊಯ್ದು, 'ಪುಚ್ಚೇ' ಎಂದು ಒಮ್ಮೆ ಕರೆದರೆ ಸಾಕು, ಅಟ್ಟದಿಂದ ಇಳಿದು ಬರುತ್ತಿತ್ತು. ಒಂದು ಸತ್ತರೆ ಅದರ ಮರಿ, ಮರಿಯ ಮರಿ. ಎಲ್ಲವೂ ಅದೇ ಗೆರಟೆಯಲ್ಲಿ ಉಂಡವು, ಎಲ್ಲವೂ ಮೈ ಮಿರುಗುವಂತೆ ಬದುಕಿದವು.

ಈ ಸಂಗತಿ ನನಗೆ ನೆನಪಾದದ್ದು ಬ್ಯಾಂಕಿನಲ್ಲಿ, ಪಕ್ಕದ ಕೌಂಟರಿನ ಮಲಯಾಳಿ ಗೆಳೆಯ ಜರ್ಮನ್ ಶೆಫರ್ಡ್ ಮರಿಯೊಂದನ್ನು ತಂದ ಮೇಲೆ. ನಾಯಿಗೆ ಅದರ ಪೂರ್ವಿಕರ ಆಹಾರವನ್ನೇ ಕೊಡಬೇಕೆಂಬುದು ಅವನ ಹೊಸ ಮತ. ನಾಯಿ ಎಂದರೆ ತೋಳದ ವಂಶ. ತೋಳ ಎಲ್ಲಾದರೂ ಒಲೆ ಹಚ್ಚುತ್ತದೆಯೇ? ಆದ್ದರಿಂದ ಹಸಿ ಮಾಂಸ. ಇಯಾನ್ ಬಿಲಿಂಗ್‌ಹರ್ಸ್ಟ್ ಎಂಬ ಆಸ್ಟ್ರೇಲಿಯಾದ ಪಶುವೈದ್ಯರು 1993ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ ಎಂದು ಚಹಾದ ಹೊತ್ತಿನಲ್ಲಿ ಅವನು ವಾದಿಸುತ್ತಿದ್ದ. ನಾನೂ ಬಿಡಲಿಲ್ಲ. "ಪೂರ್ವಿಕರ ಊಟವೇ ಶ್ರೇಷ್ಠವಾದರೆ ನಮ್ಮ ಬೆಕ್ಕಿನ ಪೂರ್ವಿಕರು ತಲೆಮಾರುಗಳಿಂದ ಹಾಲು ಅನ್ನ ಉಂಡವರು. ಅವಕ್ಕೇನಾಗಿದೆ?" ಎಂದೆ. ಗೆದ್ದೆನೆಂದೇ ಅಂದುಕೊಂಡಿದ್ದೆ.

ಆಗ ನಮ್ಮ ಮನೆಯಲ್ಲಿದ್ದದ್ದು ಬೆಳ್ಳಿ, ಆ ವಂಶದ ಕೊನೆಯ ಕುಡಿ. ಅಪ್ಪ ತೀರಿಕೊಂಡು ಅಡಿಕೆ ತೋಟ ಪಾಲಾದ ಮೇಲೆ, 2019ರಲ್ಲಿ ಅಮ್ಮ ಕಾಸರಗೋಡು ಪೇಟೆಯ ನನ್ನ ಮನೆಗೆ ಬಂದರು. ಒಂದು ಕೈಯಲ್ಲಿ ದೇವರ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬಟ್ಟೆ ಚೀಲದೊಳಗೆ ಬೆಳ್ಳಿ. ನಮ್ಮದು ತಾರಸಿ ಮನೆ. ಅಟ್ಟವಿಲ್ಲ, ಕಿಟಕಿಗಳಿಗೆಲ್ಲ ಬಲೆ. ಎದುರಿಗೇ ಲಾರಿಗಳು ಓಡುವ ರಸ್ತೆಯಾದ್ದರಿಂದ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಆದರೆ ಗೆರಟೆ ಬದಲಾಗಲಿಲ್ಲ, ಹಾಲು ಅನ್ನವೂ ಬದಲಾಗಲಿಲ್ಲ.

ಎರಡನೆಯ ವರ್ಷ ಬೆಳ್ಳಿ ಕಿಟಕಿಯ ದಂಡೆಗೆ ಹಾರಲು ಹೋಗಿ ಕೆಳಗೆ ಬೀಳತೊಡಗಿತು. ಕುರ್ಚಿಯ ಜಾಗ ಬದಲಿಸಿದರೆ ಅದಕ್ಕೇ ಹೋಗಿ ಢಿಕ್ಕಿ ಹೊಡೆಯುತ್ತಿತ್ತು. ನಡುಹಗಲಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇರುತ್ತಿತ್ತು. ಪ್ರಾಯವಾಯಿತು ಎಂದು ನಾನು, ದೃಷ್ಟಿಯಾಗಿದೆ ಎಂದು ಅಮ್ಮ. ಕೆಲವು ತಿಂಗಳು ಹಾಗೆಯೇ ಕಳೆದವು. ಆ ತಿಂಗಳುಗಳ ಲೆಕ್ಕ ನನ್ನ ಮೇಲಿದೆ.

ಕೊನೆಗೆ ಪಶುವೈದ್ಯರಲ್ಲಿಗೆ ಹೋದೆ. ಅವರು ಟಾರ್ಚು ಹಿಡಿದು ಬಹಳ ಹೊತ್ತು ಕಣ್ಣು ನೋಡಿದರು, ಎದೆಗೆ ಕೊಳವೆಯಿಟ್ಟರು. "ಎಂದಾ ಕೊಡುಕ್ಕುನ್ನದ್?" ಎಂದು ಕೇಳಿದರು. "ಪಾಲುಂ ಚೋರುಂ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಟಾರ್ಚು ಕೆಳಗಿಟ್ಟರು.

ಅವರು ಹೇಳಿದ್ದು, ಮತ್ತೆ ನಾನು ಓದಿ ತಿಳಿದದ್ದು, ಇಷ್ಟು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ವಸ್ತು ಬೇಕು. ನಾಯಿ ಅದನ್ನು ಸಾಮಾನ್ಯವಾಗಿ ತನ್ನ ಮೈಯೊಳಗೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಸಾಕಷ್ಟು ತಯಾರಿಸಲಾಗದು, ಮಾಂಸದಿಂದಲೇ ಸಿಗಬೇಕು. ಅನ್ನದಲ್ಲಿ ಅದಿಲ್ಲ, ಹಸುವಿನ ಹಾಲಿನಲ್ಲಿ ಇದ್ದರೂ ಅತ್ಯಲ್ಪ. ಅದು ಕಡಿಮೆಯಾದರೆ ಕಣ್ಣಿನ ಅಕ್ಷಿಪಟ ಸವೆಯುತ್ತದೆಂದು 1975ರಲ್ಲೂ, ಹೃದಯ ಸೋಲುತ್ತದೆಂದು 1987ರಲ್ಲೂ ವಿಜ್ಞಾನಿಗಳು ತೋರಿಸಿದ್ದರು. ಟಾರಿನ್ ಎಂಬ ಹೆಸರು ಎತ್ತು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದಂತೆ. 1827ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಇದನ್ನು ಅಮ್ಮನಿಗೆ ಹೇಳಲಿಲ್ಲ.

ಹಾಗಾದರೆ ಅಜ್ಜಿಯ ಬೆಕ್ಕುಗಳು? ಅಲ್ಲಿಯೇ ನಾನು ಲೆಕ್ಕ ತಪ್ಪಿದ್ದು. ಅವಕ್ಕೆ ಎರಡು ಖಾತೆಗಳಿದ್ದವು. ಗೆರಟೆಯದು ನಮಗೆ ಕಾಣುವ ಖಾತೆ. ಇನ್ನೊಂದು ಅಟ್ಟದ ಮೇಲೆ, ಅಡಿಕೆ ಮೂಟೆಗಳ ಸಂದಿಯಲ್ಲಿ, ರಾತ್ರಿ ಹೊತ್ತು ಜಮೆಯಾಗುತ್ತಿತ್ತು: ಇಲಿ, ಹಲ್ಲಿ, ಓತಿ. ಶುದ್ಧ ಸಸ್ಯಾಹಾರಿಗಳಾದ ನಾವು ಆ ಪಾಸ್‌ಬುಕ್ಕನ್ನು ತೆರೆದು ನೋಡಿದವರಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕ ಬೆಕ್ಕನ್ನೂ ಹೂತಿದ್ದರಂತೆ. ಅಂದಿನಿಂದ ಇಂದಿನವರೆಗೆ ಬೆಕ್ಕು ನಮ್ಮ ಜೊತೆಗಿರುವುದು ನಮ್ಮ ಅನ್ನಕ್ಕಾಗಿ ಅಲ್ಲ, ನಮ್ಮ ಧಾನ್ಯಕ್ಕೆ ಬರುವ ಇಲಿಗಾಗಿ. ಬೆಳ್ಳಿಯನ್ನು ಪೇಟೆಗೆ ತಂದಾಗ ನಾವು ಆ ಖಾತೆಯನ್ನು ಮುಚ್ಚಿಬಿಟ್ಟೆವು.

ಗೆಳೆಯನ ಕಥೆಯನ್ನೂ ಹೇಳಿಬಿಡುತ್ತೇನೆ. ಅವನ ಮರಿ ನಾಲ್ಕೈದು ತಿಂಗಳಿಗೇ ಕುಂಟತೊಡಗಿ ಅದೇ ವೈದ್ಯರ ಬಳಿಗೆ ಬಂತು. ಗಂಟಲಿಗೆ ಸಿಕ್ಕಿಕೊಂಡೀತೆಂದು ಹೆದರಿ ಅವನು ಮೂಳೆ ತೆಗೆದ ಬರೀ ಮಾಂಸವನ್ನು ಹಾಕುತ್ತಿದ್ದ. ಬರೀ ಮಾಂಸದಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಬೆಳೆಯುವ ಮರಿಯ ಎಲುಬು ಮೆತ್ತಗಾಗಿತ್ತು. ತೋಳ ಬರೀ ಮಾಂಸದ ತುಂಡನ್ನಷ್ಟೇ ತಿನ್ನುವುದಿಲ್ಲವಲ್ಲ. ಅವನು ಹೊಗಳುತ್ತಿದ್ದ ಪುಸ್ತಕದ ಹೆಸರಿನಲ್ಲೇ 'ಬೋನ್' ಇದೆ! ಮೇಲಾಗಿ ನಾಯಿ ಈಗ ತೋಳವೂ ಅಲ್ಲ. ತೋಳದಲ್ಲಿ ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ಎರಡಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆಯೆಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ನಮ್ಮ ಎಂಜಲು ತಿಂದು ತಿಂದು ಬಂದ ಆಸ್ತಿ ಅದು. ಮರಿಗೆ ಮದ್ದಾಯಿತು, ಊಟ ಬದಲಾಯಿತು, ಕುಂಟು ಹೋಯಿತು. ಈಗ ಅದು ಬೇಯಿಸಿದ ಕೋಳಿ, ಅನ್ನ, ವೈದ್ಯರು ಬರೆದುಕೊಟ್ಟ ಪುಡಿ ತಿನ್ನುತ್ತದೆ.

ಬೆಳ್ಳಿಗೆ ಆ ಭಾಗ್ಯವಿಲ್ಲ. ಹೋದ ದೃಷ್ಟಿ ಬಾರದು, ಉಳಿದದ್ದನ್ನು ಉಳಿಸಬಹುದು ಎಂದರು ವೈದ್ಯರು. ಹೃದಯ ಸದ್ಯ ಸರಿಯಿತ್ತು. ಟಾರಿನ್ ಮದ್ದು, ಬೆಕ್ಕಿಗೆಂದೇ ಮಾಡಿದ ಪೊಟ್ಟಣದ ಆಹಾರ, ನಡುನಡುವೆ ಬೇಯಿಸಿದ ಮೀನು ಅಥವಾ ಕೋಳಿ. ಹಸಿ ಬೂತಾಯಿ ಬೇಡ, ಅದು ಬೆಕ್ಕಿನ ಮೈಯ ಥಯಮಿನ್ ಕೆಡಿಸುತ್ತದೆ. ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದವನಿಗೆ ಅಮ್ಮನಿಗೆ ಹೇಗೆ ಹೇಳುವುದೆಂದೇ ಚಿಂತೆ. ಕೋಳಿ ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಎಲ್ಲವನ್ನೂ ಹೇಳಿದೆ. ಅಮ್ಮ ಮಾತಾಡಲಿಲ್ಲ. ಬೆಳ್ಳಿಯನ್ನು ಮಡಿಲಿಗೆ ಎತ್ತಿಕೊಂಡು ಕಣ್ಣಿನ ಮುಂದೆ ಕೈ ಆಡಿಸಿದರು. "ಅದರ ಕಣ್ಣು ನಾವೇ ತೆಗದ ಹಾಂಗಾತು" ಎಂದರು. ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ನೋಡುತ್ತೇನೆ, ಹಿತ್ತಿಲಲ್ಲಿ ಬಾವಿಯಿಂದಾಚೆ ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಒಂದು ಹಳೆಯ ಪಾತ್ರೆ. ಬೇಯಿಸುವ ಕೆಲಸ ನನ್ನದು, ಆಮೇಲೆ ಸ್ನಾನ. ಮೊದಲ ದಿನ ನೀರು ಬಸಿಯಲು ಹೊರಟಾಗ ಜಗಲಿಯಿಂದಲೇ ಅಮ್ಮ ಕೂಗಿದರು: "ಬೇಶಿದ ನೀರು ಚೆಲ್ಲೆಡ!" ಬೇಯಿಸುವಾಗ ಟಾರಿನ್ ನೀರಿಗಿಳಿಯುತ್ತದೆಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು.

ಈಗ ಬೆಳಿಗ್ಗೆ ಮೀನಿನ ಸ್ಕೂಟರಿನ ಹಾರನ್ ನಮಗಿಂತ ಮೊದಲು ಬೆಳ್ಳಿಗೆ ಕೇಳಿಸುತ್ತದೆ. ಗೋಡೆಗೆ ಮೀಸೆ ತಾಗಿಸಿಕೊಂಡು ಅದು ಗೇಟಿನವರೆಗೆ ನಡೆಯುತ್ತದೆ, ಹಿಂದಿನಿಂದ ಅಮ್ಮ. ಮೂಗಿಗೆ ಸೆರಗು ಒತ್ತಿಕೊಂಡು, ಬುಟ್ಟಿಯತ್ತ ನೋಡದೆ, "ಎತ್ರಯಾ?" ಎಂದು ಕೇಳುತ್ತಾರೆ.