ಮೀನಖಂಡದ ಅಳತೆ

ಜನವರಿ 9, 2024
ರಾತ್ರಿ ಎರಡು ಗಂಟೆ. ಎಡಗಾಲಿನ ಮೀನಖಂಡ ಮತ್ತೆ ಅದುರುತ್ತಿದೆ, ಚರ್ಮದಡಿ ಹುಳ ಹರಿದ ಹಾಗೆ. ಎರಡು ತಿಂಗಳಾಯಿತು. ಬರೀ ಭ್ರಮೆಯಲ್ಲ, ದೀಪ ಹಾಕಿದರೆ ಕಣ್ಣಿಗೆ ಕಾಣುತ್ತದೆ. ಇವರನ್ನು ಎಬ್ಬಿಸಿ ತೋರಿಸಿದೆ.

ಸೋದರಮಾವನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಶುರುವಾದದ್ದು ಬಲಗೈಯಿಂದ. ಅಂಗಿ ಗುಂಡಿ ಹಾಕಕ್ಕಾಗ್ತಿಲ್ಲ ಕಣೇ ಅಂದಿದ್ದರು. ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ದಿನಾ ಒಲೆಕಟ್ಟೆ ಹಿಡಿದು ಇಪ್ಪತ್ತು ಸಲ ತುದಿಗಾಲಲ್ಲಿ ನಿಲ್ಲುತ್ತೇನೆ. ಹೊಲಿಗೆ ಟೇಪಿನಲ್ಲಿ ಸುತ್ತಳತೆ ನೋಡುತ್ತೇನೆ. ಇವತ್ತು ಬಲ 33.5, ಎಡ 33. ಆ ಅರ್ಧ ಸೆಂಟಿಮೀಟರ್ ಎಲ್ಲಿ ಕರಗಿತು?

ಜನವರಿ 12
ಹತ್ತಿರದ ಡಾಕ್ಟರು ಕುರ್ಚಿಯಿಂದ ಏಳದೆ, "ಟೆನ್ಷನ್ ಅಮ್ಮ, ಚೆನ್ನಾಗಿ ನಿದ್ದೆ ಮಾಡಿ" ಅಂದರು. ದಾರಿಯಲ್ಲಿ ಏದುಸಿರು, ಬಾಯಿ ಸುತ್ತ ಜುಮ್ಮೆಂದು ಬೆರಳಿಗೆಲ್ಲ ಜೋಮು.

ಜನವರಿ 23
ನರರೋಗ ತಜ್ಞೆ ಅರ್ಧ ಗಂಟೆ ನೋಡಿದರು. ಹಿಮ್ಮಡಿಯಲ್ಲಿ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಮಂಡಿಗೆ ಸುತ್ತಿಗೆ. ಅಂಗಾಲು ಗೀರಿ ಹೆಬ್ಬೆರಳು ಕೆಳಗೆ ಬಾಗಿದ್ದನ್ನು ನೋಡಿಕೊಂಡರು. ಕಂಪಿಸುವ ಶ್ರುತಿಕವೆಯನ್ನು ಕಾಲ್ಬೆರಳಿಗೆ ಇಟ್ಟು, "ನಿಂತಾಗ ಹೇಳಿ" ಅಂದರು. ಕೊನೆಗೆ ಪಾದವನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

"ಕಾಲು ಸೋತ ಹಾಗೆ ಅನ್ನಿಸ್ತಿದೆ, ಆದರೆ ಸೋತಿಲ್ಲ. ನಾನಿಷ್ಟು ಒತ್ತಿದರೂ ಪಾದ ಜಗ್ಗಲಿಲ್ಲ, ನೋಡಿಮ್ಮ. ನೀವು ಹೆದರಿರೋ ಕಾಯಿಲೇಲಿ ಬಲ ಹೋಗುತ್ತೆ, ಖಂಡ ಸೊರಗುತ್ತೆ. ಬರೀ ಅದುರಿದರೆ ಅದಾಗಲ್ಲ."

ಟೇಪಿನ ವಿಷಯ ಹೇಳಿಕೊಂಡೆ. ಎರಡು ಕಾಲು ಒಂದೇ ಅಳತೆ ಇರೋದು ಅಪರೂಪ ಅಂದರು. ಜೋಮಿಗೂ ಕಾರಣ ಕೊಟ್ಟರು: ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದಂತೆ. ಆದರೂ ಬಿ12, ಥೈರಾಯ್ಡ್, ಕ್ಯಾಲ್ಸಿಯಂ, ಸೂಜಿ ಚುಚ್ಚಿ ಮಾಡುವ ಇಎಂಜಿ ಬರೆದರು. ಚಪ್ಪಲಿ ತಾನಾಗಿ ಜಾರಿದರೆ, ಮಾತು ತೊದಲಿದರೆ, ನುಂಗೋದು ಕಷ್ಟವಾದರೆ ಕಾಯದೆ ಬನ್ನಿ ಅಂದರು.

ಫೆಬ್ರವರಿ 2
ಎಲ್ಲ ವರದಿಯೂ ಸರಿಯಿದೆ. ತಜ್ಞೆ ನನ್ನಂಥ 121 ಜನರ ಕಥೆ ಹೇಳಿದರು; ಮೇಯೋ ಕ್ಲಿನಿಕ್‌ನವರು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ಪ್ರಕಟಿಸಿದ್ದು. ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ. ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು, ತಗೊಂಡೆ.

ಇಬ್ಬರು ಡಾಕ್ಟರೂ ಹೇಳಿದ್ದು ಒಂದೇ, ಆತಂಕ ಅಂತ. ಮೊದಲನೆಯವರು ಕಾಲು ಮುಟ್ಟದೆ ಹೇಳಿದ್ದರು. ಅದಕ್ಕೇ ಅವತ್ತು ಆ ಮಾತು "ನಿನ್ನದು ಸುಳ್ಳು" ಅಂದ ಹಾಗೆ ಕೇಳಿಸಿತ್ತು. ಇವರು ಅದುರುವುದೂ ನಿಜ, ಹೆದರಿಕೆಯೂ ನಿಜ ಅಂದರು. ಮನೆಗೆ ಬಂದು ಸುಮ್ಮನೆ ಅತ್ತೆ.

ಮಾರ್ಚ್ 3
ಅದುರು ನಿಂತಿಲ್ಲ. ಬೆಳಿಗ್ಗೆ ತುದಿಗಾಲಲ್ಲಿ ನಿಲ್ಲಲು ಹೋದೆ. ಎಂಟಕ್ಕೆ ಬಿಟ್ಟು ಹಾಲು ಇಳಿಸಿದೆ. ಸಂಜೆ ಮಗಳ ಲಂಗಕ್ಕೆ ಸೊಂಟದ ಅಳತೆ ತೆಗೆಯುವಾಗ ಮೀನಖಂಡ ಎರಡು ಸಲ ಮಿಡುಕಿತು. ಟೇಪು ಅವಳ ಸೊಂಟದಲ್ಲೇ ಇತ್ತು. ಇಪ್ಪತ್ತೆರಡು ಇಂಚು ಅಂತ ಬರೆದುಕೊಂಡೆ.